ಪಾತ್ರೆಯಲ್ಲಿಟ್ಟ ಮನ್ನ

(ವಸಂತಕಾಲದ ಹೂಗಳನ್ನೂ ಸುಗ್ಗಿಯ ಹಬ್ಬಗಳನ್ನೂ ಪಟದಲ್ಲಿ ಹಿಡಿದಿಡುವ ವಿಷಯವಾದ ಪ್ರಸಂಗ. ಓದತಕ್ಕ ವೇದಭಾಗ: ವಿಮೋಚನಕಾಂಡ 16ನೆಯ ಅಧ್ಯಾಯ.)



ಇಸ್ರಾಯೇಲ್ಯರು ಐಗುಪ್ತದೇಶವನ್ನು ಬಿಟ್ಟುಬಂದ ಎರಡನೆಯ ತಿಂಗಳಿನಲ್ಲಿ ಅರಣ್ಯದೊಳಗೆ ಹಸಿದು ಗುಣುಗುಟ್ಟಿದಾಗ ದೇವರು ಅವರಿಗೆ ಮನ್ನವನ್ನು ಅನುಗ್ರಹಿಸಿದ ವೃತ್ತಾಂತವನ್ನು ನಮ್ಮ ಮಕ್ಕಳೂ ಬಲ್ಲರು. ಪ್ರಾತಃಕಾಲದ ಮಂಜು ಆರಿದ ಮೇಲೆ ನೆಲದ ಮೇಲೆ ಅದು ಬಿದ್ದಿರುತ್ತಿತ್ತು. ತಲೆಗೆ ಒಂದು ಓಮೆರಿನಂತೆ, ಅಂದರೆ ನಮ್ಮ ಅಳತೆಯಲ್ಲಿ ಸುಮಾರು ಎರಡು ಸೇರಿನಂತೆ, ಕೂಡಿಸಿಕೊಳ್ಳಬೇಕೆಂದು ಅಪ್ಪಣೆಯಾಗಿತ್ತು. ಮರುದಿನಕ್ಕೆ ಇಟ್ಟುಕೊಳ್ಳಕೂಡದೆಂದು ಮೋಶೆಯು ಹೇಳಿದಾಗ್ಯೂ ಕೆಲವರು ಇಟ್ಟುಕೊಂಡರು. ಬೆಳಗಾಗುವಷ್ಟರಲ್ಲಿ ಅದು ಹುಳಬಿದ್ದು ನಾತಹಿಡಿಯಿತು. ಇಷ್ಟನ್ನು ಓದಿದವರು ದೇವರಿಗೆ ಕೂಡಿಡುವ ಕೆಲಸವೇ ಹಿಡಿಸದೆಂದು ತಿಳಿದುಕೊಳ್ಳುವ ಸಂಭವವುಂಟು. ಆದರೆ ಅದೇ ಅಧ್ಯಾಯದ ಕೊನೆಗೆ ಬಂದರೆ ಮತ್ತೊಂದು ಅಪ್ಪಣೆಯು ಕಾಣುತ್ತದೆ. ಒಂದು ಓಮೆರ್ ಮನ್ನವನ್ನು ಪಾತ್ರೆಯಲ್ಲಿ ತುಂಬಿ, ಮುಂದೆ ಹುಟ್ಟುವ ಸಂತತಿಯವರು ಅದನ್ನು ನೋಡುವಂತೆ ದೇವರ ಸನ್ನಿಧಿಯಲ್ಲಿ ಇಡಬೇಕೆಂದು ಆರೋನನಿಗೆ ವಿಧಿಸಲಾಯಿತು. ಹೊಟ್ಟೆಬಾಕತನದಿಂದ ಗುಡಾರದಲ್ಲಿ ಬಚ್ಚಿಟ್ಟದ್ದು ಒಂದೇ ರಾತ್ರಿಗೆ ಕೆಟ್ಟಿತು. ಮಕ್ಕಳಿಗೋಸ್ಕರ ಇಟ್ಟ ಒಂದು ಅಳತೆಯು ಉಳಿಯಿತು. ಪದಾರ್ಥವು ಒಂದೇ, ಇಟ್ಟವರ ಉದ್ದೇಶ ಬೇರೆ.

ಈ ವೇದಭಾಗವನ್ನು ನಾವು ಈ ತಿಂಗಳು ಆರಿಸಿಕೊಳ್ಳುವದಕ್ಕೆ ಕಾರಣವುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಕ್ರಾಂತಿಯಿಂದ ಯುಗಾದಿಯ ವರೆಗೂ, ಅಲ್ಲಿಂದ ಪುನರುತ್ಥಾನದ ಹಬ್ಬದ ವರೆಗೂ, ಕೈಯಲ್ಲಿ ಮೊಬೈಲು ಇಲ್ಲದ ಮನುಷ್ಯನನ್ನು ಕಾಣುವದು ಈಗ ಅಪರೂಪ. ರಾಸುಗಳಿಗೆ ಕಿಚ್ಚು ಹಾಯಿಸುವಾಗ, ರಥ ಎಳೆಯುವಾಗ, ಸಭೆಯಲ್ಲಿ ಸುಗ್ಗಿಯ ಕಾಣಿಕೆ ತರುವಾಗ, ಬೇವಿನ ಹೂವನ್ನು ಬೆಲ್ಲದೊಂದಿಗೆ ಕಲಸುವಾಗ, ಎಲ್ಲವನ್ನೂ ಪಟ ಹಿಡಿಯುತ್ತಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಹಿರಿಯರು ಕೇಳುತ್ತಾರೆ. ಒಂದು ಮಾತಿನಲ್ಲಿ ಉತ್ತರ ಕೊಡತಕ್ಕ ಪ್ರಶ್ನೆಯಲ್ಲ ಅದು.

ಮೊದಲು ಈ ಕಾಲದಲ್ಲಿ ನಮ್ಮ ಸೀಮೆಗೆ ದೊರೆತಿರುವದನ್ನು ಎಣಿಸೋಣ. ಚಳಿಗಾಲದಲ್ಲಿಯೇ ಮಾವು ಹೂಬಿಡುತ್ತದೆ. ಮಾಘ ಫಾಲ್ಗುಣಗಳಲ್ಲಿ ನಾಗಮಂಗಲದ ಕಡೆಯ ಒಣಗಾಡುಗಳಲ್ಲಿ ಮುತ್ತುಗದ ಮರವು ಒಂದು ಎಲೆಯೂ ಇಲ್ಲದೆ ಮೈತುಂಬ ಕೆಂಡದಂಥಾ ಹೂವನ್ನು ಹೊತ್ತು ನಿಲ್ಲುತ್ತದೆ. ಊಟದ ಎಲೆ ಹಚ್ಚುವವರಿಗೆ ವರ್ಷವೆಲ್ಲಾ ಒದಗುವ ಮರವು ಅದೊಂದು ತಿಂಗಳು ತನಗಾಗಿ ಅಲಂಕರಿಸಿಕೊಂಡಂತೆ ತೋರುತ್ತದೆ. ಬೂರುಗವೂ ಅದೇ ರೀತಿ ಬೋಳುಕೊಂಬೆಯಲ್ಲಿ ಹೂಬಿಡುವದು. ಆಮೇಲೆ ಹೊಂಗೆಯ ಸರದಿ. ಕೃಷ್ಣರಾಜಪೇಟೆಯ ರಸ್ತೆಗಳಲ್ಲಿ ಹಸುರುಚಿಗುರಿನ ಹೊಂಗೆಯ ಕೆಳಗೆ ಬೆಳಿಗ್ಗೆ ಹೊತ್ತು ನಡೆದರೆ ನೆಲವೆಲ್ಲಾ ಪುರಿ ಚೆಲ್ಲಿದಂತೆ ಇರುತ್ತದೆ, ತಲೆಯ ಮೇಲೆ ಜೇನುನೊಣಗಳ ಸದ್ದು ಕೇಳುತ್ತದೆ. ನಮ್ಮ ಹಿರಿಯರು ಆ ಮರದ ಬೀಜದ ಎಣ್ಣೆಯಿಂದ ದೀಪ ಹಚ್ಚಿದರು, ಸೊಪ್ಪನ್ನು ಗದ್ದೆಗೆ ತುಳಿದರು. ಬೇವು ಯುಗಾದಿಗೆ ತಪ್ಪದೆ ಹೂಬಿಡುತ್ತದೆ. ಬಿಸಿಲು ಇನ್ನೂ ಏರಿದಾಗ ಕಕ್ಕೆಯು ಹಳದಿಯ ಗೊಂಚಲುಗಳನ್ನು ಇಳಿಬಿಡುತ್ತದೆ. ರಸ್ತೆಯ ಬದಿಯ ಕೆಂಪು ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದ ಬಂದದ್ದು, ನೀಲಿಯ ಜಕರಂಡ ದಕ್ಷಿಣ ಅಮೆರಿಕದಿಂದ ಬಂದದ್ದು. ಪರದೇಶದವುಗಳಾದರೂ ಈಗ ನಮ್ಮ ಊರಿನವೇ ಆಗಿ ಹೋಗಿವೆ. ಮಲ್ಲಿಗೆಯನ್ನು ಕುರಿತು ಹೇಳತಕ್ಕದ್ದೇನು? ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಹೊರತಂದ ತಮ್ಮ ಮೊದಲ ಕವನಸಂಗ್ರಹಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು.

ಇಷ್ಟೊಂದು ಹೂವು ಎಷ್ಟು ದಿನದ್ದು? ಮುತ್ತುಗ ಕೆಲವು ವಾರ, ಹೊಂಗೆ ಕೆಲವು ವಾರ, ಮಲ್ಲಿಗೆಯ ಮೊಗ್ಗು ಒಂದು ರಾತ್ರಿ. ಪ್ರವಾದಿಯಾದ ಯೆಶಾಯನು ತನ್ನ 40ನೆಯ ಅಧ್ಯಾಯದಲ್ಲಿ ಮನುಷ್ಯರ ವೈಭವವನ್ನು ಬಾಡುವ ಹೊಲದ ಹೂವಿಗೆ ಹೋಲಿಸಿದ್ದು ನಮ್ಮಂಥಾ ಬಿಸಿಲುಸೀಮೆಯವರಿಗೆ ಬೇಗನೆ ಅರ್ಥವಾಗುವ ಹೋಲಿಕೆ. ಬಾಡುವದನ್ನು ಬಾಡದಂತೆ ಇಟ್ಟುಕೊಳ್ಳಬೇಕೆಂಬ ಆಶೆಯು ಮನುಷ್ಯನಿಗೆ ಅಂದಿನಿಂದಲೂ ಇದೆ, ಮತ್ತು ಆ ಆಶೆಯು ಪಾಪವೆಂದು ನಾವು ಹೇಳುವದಿಲ್ಲ.

ಪಟ ಹಿಡಿಯುವ ವಿದ್ಯೆಯು ಸುಮಾರು ಇನ್ನೂರು ವರ್ಷದ್ದು. ಫ್ರಾನ್ಸ್ ದೇಶದ ನಿಯೆಪ್ಸ್ ಎಂಬವನು 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಂಡ ಮಾಡುಗಳನ್ನು ಲೋಹದ ತಗಡಿನ ಮೇಲೆ ಹಿಡಿದನು; ಒಂದು ಪಟಕ್ಕೆ ಅನೇಕ ತಾಸುಗಳ ಬಿಸಿಲು ಬೇಕಾಯಿತು. 1839ರಲ್ಲಿ ದಾಗೆರ್ ಎಂಬವನ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಹದಿನೈದು ವರ್ಷಗಳೊಳಗೆ ಅದು ನಮ್ಮ ನೆರೆಗೂ ಬಂತು: 1854ರಲ್ಲಿ ಕಂಪೆನಿಯ ಸೈನ್ಯದ ಅಧಿಕಾರಿಯಾದ ಲಿನೇಯಸ್ ಟ್ರೈಪ್ ಎಂಬವರು ಹಳೇಬೀಡು ಬೇಲೂರುಗಳ ದೇವಾಲಯಗಳ ಪಟಗಳನ್ನು ತೆಗೆದರು. ಅವರು ದಾರಿಯಲ್ಲಿ ಹೂಬಿಟ್ಟ ಮುತ್ತುಗವನ್ನು ಕಂಡು ಹಿಡಿದಿದ್ದರೆ ಅದು ಇದ್ದಲಿನಂತೆ ಕಪ್ಪಗೆ ಮೂಡುತ್ತಿತ್ತು. ಯಾಕಂದರೆ ಆ ಕಾಲದ ಪಟದ ಮದ್ದಿಗೆ ಕೆಂಪು ಬಣ್ಣವು ಕಾಣುತ್ತಲೇ ಇರಲಿಲ್ಲ. ಅಮೆರಿಕದ ಈಸ್ಟ್‌ಮನ್ ಎಂಬವನು 1888ರಲ್ಲಿ ಮಾರಿದ ಕೊಡಾಕ್ ಪೆಟ್ಟಿಗೆಯಲ್ಲಿ ಒಂದು ಸುರುಳಿಗೆ ನೂರು ಪಟಗಳಿದ್ದವು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. ಹೂವಿನ ಬಣ್ಣವನ್ನು ಸುಲಭವಾಗಿ ಹಿಡಿಯುವ ಕೊಡಾಕ್ರೋಮ್ ಸುರುಳಿಯು 1935ರಲ್ಲಿ ಬಂತು, 2009ರಲ್ಲಿ ಅದನ್ನು ತಯಾರಿಸುವದು ನಿಂತೇ ಹೋಯಿತು.

ನಮ್ಮ ಹಳ್ಳಿಗಳಿಗೆ ಈ ಲೆಕ್ಕವೆಲ್ಲಾ ತಡವಾಗಿ ಮುಟ್ಟಿತು. ನಮ್ಮ ತಾತಂದಿರಲ್ಲಿ ಎಷ್ಟೋ ಮಂದಿಗೆ ಬಾಳಿನಲ್ಲಿ ಒಂದೇ ಪಟ, ಅದೂ ಮದುವೆಯ ಕಾಲದ್ದು ಅಥವಾ ಮಗನನ್ನು ಊರುಬಿಟ್ಟು ಕಳುಹಿಸುವಾಗಿನದು. ಪೇಟೆಯ ಸ್ಟುಡಿಯೋಗೆ ಒಗೆದ ಬಟ್ಟೆಯುಟ್ಟು ಹೋಗಿ, ಉಸಿರು ಬಿಗಿಹಿಡಿದು ಕುಳಿತು ತೆಗೆಸಿಕೊಂಡದ್ದು. ಬಹಳ ಮಂದಿ ಅವ್ವಂದಿರಿಗೆ ಅದೂ ಇಲ್ಲ. ಆ ಒಂದು ಪಟವು ಗೋಡೆಯ ಮೇಲೆ ಐವತ್ತು ವರ್ಷ ನಿಂತು ಮೊಮ್ಮಕ್ಕಳಿಗೆ ಮುಖ ತೋರಿಸಿತು. ಈಗಿನ ಯುವಕನು ಒಂದು ಸಂಕ್ರಾಂತಿಯ ಸಾಯಂಕಾಲದಲ್ಲಿ ಮುನ್ನೂರು ಪಟ ಹಿಡಿಯುತ್ತಾನೆ, ಮೊಬೈಲು ತುಂಬಿತೆಂದು ಯುಗಾದಿಯೊಳಗೆ ಇನ್ನೂರನ್ನು ಅಳಿಸುತ್ತಾನೆ, ಉಳಿದ ನೂರು ಮೊಬೈಲು ನೀರಿಗೆ ಬಿದ್ದ ದಿನ ಹೋಗುತ್ತವೆ. ಆ ಮುನ್ನೂರರಲ್ಲಿ ಅವನು ಎರಡನೆಯ ಸಾರಿ ನೋಡಿದ್ದು ಎಷ್ಟು ಎಂದು ಕೇಳಿದರೆ ನಗುತ್ತಾನೆ. ಗುಡಾರದಲ್ಲಿ ಬಚ್ಚಿಟ್ಟ ಮನ್ನಕ್ಕೆ ಹುಳಬಿದ್ದದ್ದು ಇದೇ ರೀತಿಯಲ್ಲಿ. ತೆಗೆದವನೂ ತಿನ್ನಲಿಲ್ಲ, ಮಕ್ಕಳಿಗೂ ಸಿಗಲಿಲ್ಲ.

ತಿನ್ನಲಿಲ್ಲ ಎಂಬ ಮಾತನ್ನು ಸ್ವಲ್ಪ ವಿವರಿಸುವೆವು. ಕಿಚ್ಚು ಹಾಯಿಸುವ ದಿನ ರಾಸುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂಹಾರ ಹಾಕಿ, ಹುಲ್ಲಿಗೆ ಬೆಂಕಿ ಕೊಟ್ಟು ಓಡಿಸುತ್ತಾರೆ. ವರ್ಷವೆಲ್ಲಾ ತನ್ನ ಸಂಗಡ ದುಡಿದ ಎತ್ತು ಆ ಉರಿಯ ಮೇಲೆ ಹಾರುವಾಗ ರೈತನ ಎದೆಯು ಅದರ ಸಂಗಡ ಹಾರಬೇಕು. ಅವನೇ ಆ ಗಳಿಗೆಯಲ್ಲಿ ಅಂಗೈ ಅಗಲದ ಗಾಜನ್ನು ನೋಡುತ್ತಾ ನಿಂತರೆ ಆ ದಿನದ ಮನ್ನವನ್ನು ಕೂಡಿಸಿದನೇ ಹೊರತು ಉಣ್ಣಲಿಲ್ಲ. ಸಭೆಯಲ್ಲಿಯೂ ಹೀಗೆಯೇ. ತಾಯಿಯು ತನ್ನ ಮಗುವಿನ ದೀಕ್ಷಾಸ್ನಾನದಲ್ಲಿ ಮಗುವಿನ ಮುಖವನ್ನು ಕಣ್ಣಾರೆ ಕಾಣದೆ ಪಟ ಸರಿಯಾಗಿ ಬಂತೋ ಇಲ್ಲವೋ ಎಂದು ತವಕಪಡುವದನ್ನು ನೋಡಿದರೆ ನಮಗೆ ಕನಿಕರ ಹುಟ್ಟುತ್ತದೆ. ಒಬ್ಬನನ್ನು ಪಟಕ್ಕೆ ನೇಮಿಸಿ ಉಳಿದವರೆಲ್ಲರೂ ಕೈ ಬಿಡುವಾಗಿಟ್ಟುಕೊಂಡು ಹಬ್ಬವನ್ನು ಮಾಡಬಹುದಲ್ಲವೇ?

ಆದಾಗ್ಯೂ ಪಟ ಹಿಡಿಯುವವರನ್ನು ಗದರಿಸುವ ಬೋಧಕರ ಪಕ್ಷವನ್ನು ನಾವು ವಹಿಸುವದಿಲ್ಲ. ಕರ್ತನು ಬೆಟ್ಟದ ಮೇಲೆ ಉಪದೇಶಮಾಡುವಾಗ ಚಿಂತೆಪಡುವ ಜನರಿಗೆ ಹೊಲದ ಹೂವುಗಳ ಕಡೆಗೆ ಕೈತೋರಿಸಿದನೆಂದು ಮತ್ತಾಯನ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿ ಮೂಲಭಾಷೆಯಾದ ಗ್ರೀಕಿನಲ್ಲಿರುವ ಮಾತಿಗೆ ಸುಮ್ಮನೆ ಕಣ್ಣು ಹಾಯಿಸುವದೆಂಬ ಅರ್ಥವಲ್ಲ. ಪಾಠದಂತೆ ಚೆನ್ನಾಗಿ ನೋಡಿ ಕಲಿಯುವದೆಂದು ಅರ್ಥ. ಹಾಗೆ ನೋಡುವದಕ್ಕೆ ಪಟದ ಪೆಟ್ಟಿಗೆಯು ಸಹಾಯವಾಗುವದುಂಟು. ಹೊಂಗೆಯ ಹೂವನ್ನು ಹತ್ತಿರದಿಂದ ಹಿಡಿದು ದೊಡ್ಡದು ಮಾಡಿ ನೋಡಿದವನಿಗೆ ಅದರ ಬಿಳುಪಿನೊಳಗಿನ ನಸುನೇರಳೆಯೂ, ಅವರೆಯ ಹೂವಿಗೂ ಇದಕ್ಕೂ ಇರುವ ಹೋಲಿಕೆಯೂ ಮೊದಲ ಸಾರಿ ಕಾಣುತ್ತವೆ. ಅವರೆ, ತೊಗರಿ, ಹೊಂಗೆ, ಮುತ್ತುಗ ಇವೆಲ್ಲವೂ ಒಂದೇ ಕುಲದವು. ಹುಟ್ಟಿದಂದಿನಿಂದ ಆ ಮರದ ಕೆಳಗೆ ಆಡಿದ ಹುಡುಗನಿಗೆ ಅದು ಗೊತ್ತಿರಲಿಲ್ಲ.

ಹೂವುಗಳನ್ನು ಹೀಗೆ ನೋಡುವ ಕೆಲಸಕ್ಕೂ ದೇವಸೇವೆಗೂ ನಮ್ಮ ದೇಶದಲ್ಲಿ ಹಳೆಯ ಸಂಬಂಧವುಂಟು. ತರಂಗಂಬಾಡಿಯ ಮಿಶನ್ನಿಗೆ ವೈದ್ಯನಾಗಿ ಬಂದ ಕೊಯ್ನಿಗ್ ಎಂಬವನು ಸಸ್ಯಶಾಸ್ತ್ರಜ್ಞನಾದ ಲಿನೇಯಸನ ಶಿಷ್ಯನು. ಶ್ರೀರಂಗಪಟ್ಟಣವು 1799ರ ಮೇ 4ರಂದು ಬಿದ್ದ ಮೇಲೆ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಗೆ ಬಂದ ಬೆಂಜಮಿನ್ ಹೈನೆಯೂ ಮೊರೇವಿಯನ್ ಸಭೆಯಿಂದ ಬಂದವನೇ. ಶ್ರೀರಾಂಪುರದ ವಿಲಿಯಂ ಕೇರಿಯವರು ಸತ್ಯವೇದವನ್ನು ಅನೇಕ ಭಾಷೆಗಳಿಗೆ ತರುವದರೊಂದಿಗೆ ಒಂದು ದೊಡ್ಡ ತೋಟವನ್ನು ಬೆಳೆಸಿ, 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಕಟ್ಟಿದರು. ನಮ್ಮ ಕಾಡುಗಳಲ್ಲಿ ಬೇಸಗೆಯ ಮೊದಲಲ್ಲಿ ಹೂಬಿಡುವ ಕವಲು ಮರಕ್ಕೆ ಸಸ್ಯಶಾಸ್ತ್ರದಲ್ಲಿ ಅವರ ಹೆಸರೇ ಇದೆ. ಇಂಗ್ಲೆಂಡಿನಿಂದ ಬಂದ ಬೀಜದ ಚೀಲವನ್ನು ಅವರು ತೋಟದ ಮೂಲೆಯಲ್ಲಿ ಕೊಡವಿದಾಗ, ಕೆಲವು ದಿನಗಳ ಮೇಲೆ ಆ ಮಣ್ಣಿನಿಂದ ಅವರ ತಾಯ್ನಾಡಿನ ಸಣ್ಣ ಡೇಸಿ ಹೂವೊಂದು ಮೂಡಿತು. ಮೂವತ್ತು ವರ್ಷ ಊರು ಕಾಣದ ಮುದುಕನಿಗೆ ಅದನ್ನು ಕಂಡು ಆದ ಸಂತೋಷವನ್ನು ಅವರೇ ಬರೆದಿದ್ದಾರೆ. ಅವರ ಹತ್ತಿರ ಪಟವಿರಲಿಲ್ಲ. ಆದ್ದರಿಂದ ಆ ಗಿಡದ ಬೀಜವನ್ನು ವರ್ಷ ವರ್ಷವೂ ಕೂಡಿಟ್ಟು ಬಿತ್ತಿದರು. ನೆನಪನ್ನು ಕಾಪಾಡುವದರಲ್ಲಿ ಇದಕ್ಕಿಂತ ಉತ್ತಮವಾದ ರೀತಿಯು ನಮಗೆ ತಿಳಿಯದು.

ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಎಂಬ ನಮ್ಮವರೇ ಆದ ಚಿತ್ರಗಾರರು ಬಹುವರ್ಷ ಕುಳಿತು ಒಂದೊಂದು ಹೂವನ್ನೂ ಎಸಳು ಎಣಿಸಿ ಬಣ್ಣದಲ್ಲಿ ಬರೆದರು. ಅವರು ಎಸಳಿನ ಲೆಕ್ಕವನ್ನು ತಪ್ಪಿಸಲಿಲ್ಲ. ಇದನ್ನು ಹೇಳುವ ಕಾರಣವೇನಂದರೆ, ಈಗ ಕೃತಕ ಬುದ್ಧಿಯೆಂಬ ಯಂತ್ರವು ಇಲ್ಲದ ಮರಕ್ಕೆ ಇಲ್ಲದ ಹೂವನ್ನು ಬರೆದುಕೊಡುತ್ತದೆ. ಕಳೆದ ವರ್ಷ ಮಳೆಯಿಲ್ಲದೆ ಹೊಲ ಒಣಗಿದ್ದರೂ ಪಟದಲ್ಲಿ ಹಸುರಾಗಿ ತೋರಿಸಬಹುದು. ಸತ್ತುಹೋದ ತಾತನನ್ನು ಈ ವರ್ಷದ ಹಬ್ಬದ ಪಂಕ್ತಿಯಲ್ಲಿ ಕೂಡ್ರಿಸಬಹುದು. ದುಃಖಪಡುವವರ ಮನಸ್ಸಿಗೆ ಅದು ಸಮಾಧಾನ ಕೊಡುವದಾದರೆ ನಾವು ಕಠಿಣವಾಗಿ ಮಾತಾಡುವದಿಲ್ಲ. ಆದರೆ ಅದರ ಹಿಂದೆ ಇದು ಯಂತ್ರದಿಂದ ಕೂಡಿಸಿದ್ದೆಂದು ಬರೆದಿಡತಕ್ಕದ್ದು. ಇಲ್ಲವಾದರೆ ಮೂವತ್ತು ವರ್ಷಗಳ ಮೇಲೆ ಮೊಮ್ಮಗನು ಅದನ್ನು ನಿಜವೆಂದು ನಂಬುವನು, ಮತ್ತು ಸುಳ್ಳುಸಾಕ್ಷಿಯನ್ನು ನಿಷೇಧಿಸಿದ ಆಜ್ಞೆಯನ್ನು ನಾವು ಸತ್ತ ಮೇಲೂ ಮೀರುತ್ತಿರುವೆವು.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1784ರ ಆ ಬೇಸಗೆಯ ಅರಮನೆಯ ಒಳಗೆಲ್ಲಾ ಹೂಬಳ್ಳಿಯ ಕೆಲಸ. ಹೊರಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಆ ಚಿತ್ರವು ಮಾಸಿಹೋಗಿದ್ದಾಗ, ಪಟ್ಟಣವು ಬಿದ್ದ ಮೇಲೆ ಅಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿಯವರು ಅದನ್ನು ಸರಿಮಾಡಿಸಿದರು. 1850ರ ದಶಕದಲ್ಲಿ ಡಾಲ್‌ಹೌಸಿಯವರು ಪುನಃ ಬರೆಯಿಸಿದರು. ಆ ಚಿತ್ರದಲ್ಲಿ ಸೋತು ಮುರಿದುಬೀಳುವ ಪಕ್ಷವು ಇಂಗ್ಲಿಷರದೇ. ತಮ್ಮ ಸೋಲಿನ ಚಿತ್ರವನ್ನು ಗೆದ್ದವರೇ ಅಳಿಸದೆ ಉಳಿಸಿದ್ದು ಒಂದು ಆಶ್ಚರ್ಯ. ನಮ್ಮ ಮನೆಯ ಆಲ್ಬಮಿನಲ್ಲಿ ಅಣ್ಣತಮ್ಮಂದಿರ ಜಗಳವಾದ ಮೇಲೆ ಕತ್ತರಿಯಿಂದ ಕತ್ತರಿಸಿದ ಮುಖಗಳಿದ್ದರೆ ಈ ಗೋಡೆಯನ್ನು ಜ್ಞಾಪಿಸಿಕೊಳ್ಳಬೇಕು.

ನೆರೆಯವರ ವಿಷಯಕ್ಕೆ ಬರೋಣ. ಫಾಲ್ಗುಣಮಾಸದಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿಯ ಉತ್ಸವವು ನಡೆಯುತ್ತದೆ. ಮಂಡ್ಯದ ಖಜಾನೆಯಿಂದ ಪೊಲೀಸರ ಕಾವಲಿನಲ್ಲಿ ಕಿರೀಟವನ್ನು ತಂದು ರಾತ್ರಿ ಹೊತ್ತು ಮೆರವಣಿಗೆ ಮಾಡುವರು. ದೂರದ ಊರುಗಳಿಂದ ಜನರು ಬರುವರು. ನಮ್ಮ ಸಭೆಯ ಹುಡುಗರೂ ಸ್ನೇಹಿತರ ಸಂಗಡ ನೋಡಲು ಹೋಗುವದುಂಟು. ಬೇರೆಯವರ ಪೂಜೆಯ ಹೊತ್ತಿನಲ್ಲಿ ಅವರ ಕಣ್ಣಿಗೆ ಬೆಳಕು ಹೊಡೆದು, ಕೈಮುಗಿದು ಅಳುತ್ತಿರುವ ಮುದುಕಿಯ ಮುಖದ ಬಳಿಗೆ ಮೊಬೈಲು ಹಿಡಿಯುವದು ಯಾವ ಮತದ ಹುಡುಗನಿಗೂ ತಕ್ಕದ್ದಲ್ಲ. ನಮ್ಮ ಪ್ರಾರ್ಥನೆಯ ವೇಳೆಯಲ್ಲಿ ನಮಗೆ ಹಾಗೆ ಮಾಡಿದರೆ ಹೇಗಿರುವದೋ ಹಾಗೆಯೇ ಅದು. ಕೇಳಿ ತೆಗೆಯಬೇಕು, ಬೇಡವೆಂದರೆ ಬಿಡಬೇಕು, ತೆಗೆದ ಮೇಲೆ ಒಂದು ಪ್ರತಿಯನ್ನು ಅವರಿಗೆ ತಲಪಿಸಬೇಕು. ಕಡೆಯದನ್ನು ಮಾಡುವವರು ಕಡಿಮೆ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಹೋದ ಟಿ. ಎಸ್. ಸತ್ಯನ್ ಎಂಬವರ ಹೆಸರನ್ನು ಇಲ್ಲಿ ಹೇಳಬೇಕು. ಸಿಡುಬನ್ನು ನಿರ್ಮೂಲಮಾಡುವ ಕೆಲಸದ ಪಟಗಳನ್ನು ಲೋಕದ ಆರೋಗ್ಯಸಂಸ್ಥೆಗಾಗಿ ತೆಗೆದವರು ಅವರು; 1977ರಲ್ಲಿ ಪದ್ಮಶ್ರೀ ಪಡೆದರು. ಅವರ ಪಟಗಳಲ್ಲಿ ಸಾಮಾನ್ಯ ಜನರೂ ಮಕ್ಕಳೂ ಹೆಚ್ಚು, ಮತ್ತು ಆ ಜನರು ನಾಚಿಕೆಪಡಿಸಲ್ಪಟ್ಟವರಂತೆ ಕಾಣುವದಿಲ್ಲ.

ಪಕ್ಷಿಗಳೂ ನೆರೆಯವರೇ. ರಂಗನತಿಟ್ಟಿನ ನಡುಗಡ್ಡೆಗಳನ್ನು ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಮಾತಿನ ಮೇರೆಗೆ 1940ರಲ್ಲಿ ಪಕ್ಷಿಧಾಮವನ್ನಾಗಿ ಮಾಡಿದರು. ಈ ತಿಂಗಳುಗಳಲ್ಲಿಯೇ ಅಲ್ಲಿ ಕೊಕ್ಕರೆಗಳು ಗೂಡುಕಟ್ಟಿ ಮರಿಮಾಡುವವು. ಪಟದ ಆಶೆಗೆ ಗೂಡಿನ ಹತ್ತಿರ ಹೋಗಿ ತಾಯಿಹಕ್ಕಿಯನ್ನು ಎಬ್ಬಿಸಿದರೆ ಮರಿಗಳು ಈ ಬಿಸಿಲಿನಲ್ಲಿ ಸುಡುವವು, ಇಲ್ಲವೆ ಕಾಗೆ ಹದ್ದುಗಳ ಪಾಲಾಗುವವು. ಹಕ್ಕಿಯ ಗೂಡನ್ನು ಕಂಡಾಗ ತಾಯಿಯನ್ನು ಉಳಿಸಬೇಕೆಂಬ ಕಟ್ಟಳೆಯನ್ನು ಮೋಶೆಯು ಧರ್ಮೋಪದೇಶಕಾಂಡದಲ್ಲಿ ಬರೆದಿಟ್ಟಿದ್ದಾನೆ. ಹೂಬಿಟ್ಟ ಕೊಂಬೆಯನ್ನು ಪಟಕ್ಕೋಸ್ಕರ ಬಗ್ಗಿಸಿ ಮುರಿಯುವವರಿಗೆ ನಾವು ಹೇಳತಕ್ಕದ್ದು ಇಷ್ಟೇ: ಆ ಹೂವು ಕಾಯಾಗಬೇಕಾಗಿತ್ತು.

ಈಗ ಹೆಸರುಗಳ ವಿಷಯ. ಇದನ್ನು ನಾವು ಈ ಪ್ರಸಂಗದಲ್ಲಿ ಎಲ್ಲಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇವೆ. 1868ರಿಂದ 1875ರ ವರೆಗೆ ಲಂಡನ್ನಿನಲ್ಲಿ ನಮ್ಮ ದೇಶದ ಜನರ ಪಟಗಳುಳ್ಳ ದೊಡ್ಡ ಪುಸ್ತಕವೊಂದು ಎಂಟು ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಬಹುಮಂದಿಯ ಪಟದ ಕೆಳಗೆ ಜಾತಿಯ ಹೆಸರುಂಟು, ಮನುಷ್ಯನ ಹೆಸರಿಲ್ಲ. ಮಿಶನ್ನುಗಳೂ ಈ ದೋಷಕ್ಕೆ ಹೊರತಾಗಿರಲಿಲ್ಲ. ಬಾಸೆಲ್ ಪಟ್ಟಣದ ದಫ್ತರಖಾನೆಯಲ್ಲಿ ಬಾಸೆಲ್ ಮಿಶನ್ನಿನವರ ಸಾವಿರಾರು ಹಳೆಯ ಪಟಗಳು ಜೋಪಾನವಾಗಿವೆ, ಈಗ ಅಂತರ್ಜಾಲದ ಮೂಲಕ ಯಾರಾದರೂ ನೋಡಬಹುದು. ಅವುಗಳನ್ನು ಕಾಪಾಡಿದ್ದು ದೊಡ್ಡ ಉಪಕಾರ. ಆದರೆ ಎಷ್ಟೋ ಪಟಗಳಲ್ಲಿ ಕುರ್ಚಿಯ ಮೇಲೆ ಕುಳಿತ ಬೋಧಕರ ಹೆಸರುಂಟು, ಪಕ್ಕದಲ್ಲಿ ನಿಂತ ಹಳ್ಳಿಯ ಮನುಷ್ಯನಿಗೂ ನೆಲದ ಮೇಲೆ ಕುಳಿತ ಹೆಂಗಸಿಗೂ ಹೆಸರಿಲ್ಲ. ಒಳ್ಳೇ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವನೆಂದು ಸಾರುವವರ ಪಟಗಳು ಹೀಗಿರಬಾರದಾಗಿತ್ತು. ನೆಹೆಮೀಯನ 3ನೆಯ ಅಧ್ಯಾಯವನ್ನು ನಾವು ಬೇಸರದಿಂದ ದಾಟಿಬಿಡುತ್ತೇವಷ್ಟೆ. ಅಲ್ಲಿ ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರ ಹೆಸರುಗಳ ಪಟ್ಟಿಯೇ ಇದೆ. ಅಕ್ಕಸಾಲಿಗನ ಹೆಸರಿದೆ, ಸುಗಂಧದ್ರವ್ಯ ಮಾಡುವವನ ಹೆಸರಿದೆ, ಒಬ್ಬನ ಹೆಣ್ಣುಮಕ್ಕಳೂ ಕಟ್ಟಿದರೆಂದು ಬರೆದಿದೆ. ನಮ್ಮ ಸುಗ್ಗಿಯ ಹಬ್ಬದ ಪಟದ ಹಿಂದೆ ಬರೆಯತಕ್ಕ ಬರಹಕ್ಕೆ ಅದೇ ಮಾದರಿ.

ಇಷ್ಟೆಲ್ಲಾ ಯಾತಕ್ಕೆಂದು ಕೇಳುವವರನ್ನು ನಾವು ಕನ್ನಂಬಾಡಿಗೆ ಕರೆದುಕೊಂಡು ಹೋಗುವೆವು. 1911ರಲ್ಲಿ ಕಾವೇರಿಗೆ ಅಡ್ಡವಾಗಿ ಕಟ್ಟೆ ಕಟ್ಟಲು ತೊಡಗಿದರು, ಎರಡು ದಶಕಗಳ ಮೇಲೆ ಕೃಷ್ಣರಾಜಸಾಗರವು ಮುಗಿಯಿತು. ಆ ನೀರಿನಿಂದ ಮಂಡ್ಯದ ಸೀಮೆಯು ಕಬ್ಬು ಭತ್ತ ಕಂಡಿತು. ನಾವು ಉಣ್ಣುವ ಅನ್ನವು ಆ ನೀರಿನದು. ಅದೇ ನೀರಿನ ಕೆಳಗೆ ಹಳೆಯ ಕನ್ನಂಬಾಡಿಯೂ ಇತರ ಹಳ್ಳಿಗಳೂ ಹೋದವು. ಮನೆ, ಹಿತ್ತಿಲು, ಹೊಂಗೆಯ ತೋಪು, ಸಂಕ್ರಾಂತಿಯ ಕಿಚ್ಚು ಹಾಯಿಸುತ್ತಿದ್ದ ಬಯಲು, ಎಲ್ಲವೂ ಹೋದವು. ಒಕ್ಕಲೆದ್ದ ಬಡವರ ಕೈಯಲ್ಲಿ ಪಟದ ಪೆಟ್ಟಿಗೆಯಿರುವ ಕಾಲ ಅದಲ್ಲ. ಆ ಬಯಲಿನಲ್ಲಿ ಕಡೆಯ ಯುಗಾದಿ ಹೇಗೆ ನಡೆಯಿತೆಂದು ನೋಡಿದವರು ಹೇಳಿದ್ದು, ಕೇಳಿದವರು ನೆನಪಿಟ್ಟದ್ದು, ಅಷ್ಟೇ ಉಳಿದದ್ದು. ನೋಡಿದವರಾರೂ ಈಗ ಇಲ್ಲ.

ಬೇಸಗೆಯಲ್ಲಿ ಹಿನ್ನೀರು ಬಹಳ ಇಳಿದ ವರ್ಷಗಳಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವು ಕೆಸರಿನಿಂದ ಮೇಲೆ ಕಾಣುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಡದ ಮೇಲಿನ ಹೊಸಕನ್ನಂಬಾಡಿಗೆ ಸಾಗಿಸಿ ಕಟ್ಟಿದರು. ಬಿಚ್ಚುವ ಮೊದಲು ಸಾವಿರಾರು ಫೋಟೋಗಳನ್ನು ತೆಗೆದು, ಒಂದೊಂದು ಕಲ್ಲಿಗೂ ಗುರುತು ಹಾಕಿದರು. ಗುರುತಿಲ್ಲದ ಪಟವಾಗಲಿ ಪಟವಿಲ್ಲದ ಗುರುತಾಗಲಿ ಆ ಕೆಲಸಕ್ಕೆ ಸಾಲುತ್ತಿರಲಿಲ್ಲ. ಆ ದೇವಾಲಯವು ನಮ್ಮ ಆರಾಧನೆಯ ಸ್ಥಳವಲ್ಲ. ಆದರೂ ಮುಳುಗಿದ ಊರಿನ ಜನರಿಗೆ ತಮ್ಮ ಹಳೆಯ ಊರಿನದೊಂದು ಕಣ್ಣೆದುರಿಗೆ ಬಂದು ನಿಂತದ್ದಕ್ಕಾಗಿ ನಾವು ಸಂತೋಷಪಡುತ್ತೇವೆ. ಯೆಹೋಶುವನ ಪುಸ್ತಕದ 4ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಯೊರ್ದನ್ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಹೊತ್ತುತಂದು ದಡದ ಮೇಲೆ ನಿಲ್ಲಿಸಿದರು. ಮುಂದೆ ಮಕ್ಕಳು ಈ ಕಲ್ಲುಗಳು ಯಾತರವೆಂದು ಕೇಳುವರು, ಆಗ ತಂದೆಗಳು ಹೇಳಬೇಕು ಎಂಬದೇ ಅದರ ಉದ್ದೇಶ. ಮಕ್ಕಳು ಕೇಳಿದಾಗ ಹೇಳುವವನು ಬೇಕಾಗಿದ್ದನೆಂಬದನ್ನು ಗಮನಿಸಿರಿ. ಕಲ್ಲು ತಾನಾಗಿ ಮಾತಾಡುವದಿಲ್ಲ, ಪಟವೂ ಆಡದು.

ಆದಕಾರಣ ನಾಲ್ಕು ತಾಲ್ಲೂಕುಗಳ ಸಭೆಗಳವರಿಗೂ ನೆರೆಹೊರೆಯವರಿಗೂ ನಮ್ಮ ಬಿನ್ನಹವಿದು. ವರ್ಷಕ್ಕೆ ಮುನ್ನೂರು ಪಟ ಹಿಡಿದರೂ ಹಿಡಿಯಿರಿ. ವರ್ಷದ ಕೊನೆಗೆ ಮನೆಮಂದಿಯೆಲ್ಲಾ ಕುಳಿತು ಹನ್ನೆರಡನ್ನು ಆರಿಸಿರಿ. ಆರಿಸುವಾಗ ಜಗಳವಾದರೆ ಆಗಲಿ, ಆ ಜಗಳದಲ್ಲಿಯೇ ವರ್ಷದ ಕಥೆಯು ಇನ್ನೊಂದು ಸಾರಿ ಹೇಳಲ್ಪಡುವದು. ಆ ಹನ್ನೆರಡನ್ನು ಕಾಗದದ ಮೇಲೆ ಅಚ್ಚುಮಾಡಿಸಿರಿ. ಹಿಂದೆ ಮೆತ್ತನೆಯ ಸೀಸದಕಡ್ಡಿಯಿಂದ ಒತ್ತದೆ ಬರೆಯಿರಿ. ಶಾಯಿಯಾದರೆ ವರ್ಷಗಳ ಮೇಲೆ ಈಚೆಗೆ ಇಳಿಯುವ ಭಯವುಂಟು. ಯಾರು, ಯಾವ ಊರು, ಯಾವ ಹಬ್ಬ, ಯಾವ ಇಸವಿ, ಹಿಂದಿನ ಮರ ಯಾವದು, ಇಷ್ಟು ಸಾಕು. ಎತ್ತಿಗೆ ಹೆಸರಿದ್ದರೆ ಅದನ್ನೂ ಬರೆಯಿರಿ. ಗಾಜಿನ ಕಟ್ಟಿನಲ್ಲಿ ಪಟವು ಗಾಜಿಗೆ ತಗಲದಂತೆ ನಡುವೆ ರಟ್ಟಿನ ಅಂಚು ಇಡಿಸಿರಿ, ಯಾಕಂದರೆ ಮಳೆಗಾಲದ ತೇವಕ್ಕೆ ಅದು ಗಾಜಿಗೆ ಅಂಟಿಕೊಂ‍ಡರೆ ಬಿಡಿಸುವದು ಕಷ್ಟ. ಬಿಸಿಲು ಬೀಳುವ ಗೋಡೆಯೂ ಅಡಿಗೆಮನೆಯ ಗೋಡೆಯೂ ಬೇಡ. ಬಣ್ಣದ ಪಟವು ಬೆಳಕಿಗೂ ಹೊಗೆಗೂ ಬೇಗನೆ ಮಾಸುವದು. ಅಂಟುಹಾಳೆಯ ಆಲ್ಬಮಿನ ಗೋಂದು ಕಾಲಾಂತರದಲ್ಲಿ ಪಟವನ್ನೇ ತಿನ್ನುವದು. ಮೊಬೈಲಿನಲ್ಲಿರುವದರ ಪ್ರತಿಯನ್ನು ಬೇರೆ ಎರಡು ಕಡೆ ಇಡಿರಿ, ಅವುಗಳಲ್ಲೊಂದು ಬೇರೆ ಮನೆಯಲ್ಲಿರಲಿ; ಬೆಂಕಿಯಾಗಲಿ ಗೆದ್ದಲಾಗಲಿ ಎರಡೂ ಮನೆಗಳಿಗೆ ಒಂದೇ ದಿನ ಬರುವದು ಅಪರೂಪ. ಪೇಟೆಗೆ ಹೋಗಿ ಅಚ್ಚುಮಾಡಿಸುವ ಅನುಕೂಲವಿಲ್ಲದ ಮನೆಗಳಿಗೆ ಸಭೆಯ ಯುವಕರು ತಮ್ಮ ಖರ್ಚಿನಲ್ಲಿ ಒಂದೊಂದು ಪಟವನ್ನಾದರೂ ಮಾಡಿಸಿಕೊಟ್ಟರೆ ಅದು ಸುಗ್ಗಿಯ ಕಾಣಿಕೆಯೇ ಸರಿ. ಮುಖ್ಯವಾಗಿ ಇದುವರೆಗೆ ಒಂದು ಪಟವೂ ಇಲ್ಲದ ಮುದುಕಿಯರನ್ನು ಮರೆಯಬೇಡಿರಿ. ಅವರನ್ನು ಸ್ಟುಡಿಯೋಗೆ ಕರೆತರುವದು ಬೇಡ. ಅವರ ಬಾಗಿಲಿನ ಬೇವಿನ ಮರವು ಹೂಬಿಟ್ಟಿರುವಾಗ, ಬೆಳಗಿನ ಎಳೆಬಿಸಿಲಿನಲ್ಲಿ, ಅದರ ಕೆಳಗೆ ಕುಳಿತಿರುವಂತೆಯೇ ತೆಗೆಯಿರಿ.

ಮನೆಯ ಪೆಟ್ಟಿಗೆಯಲ್ಲಿರುವ ಹೆಸರಿಲ್ಲದ ಹಳೆಯ ಪಟಗಳನ್ನು ಈ ಬೇಸಗೆಯಲ್ಲಿಯೇ ಹೊರಗೆ ತೆಗೆಯುವದು ಒಳ್ಳೆಯದು. ಊರಿನಲ್ಲಿ ಎಲ್ಲರಿಗಿಂತಲೂ ವಯಸ್ಸಾದವರ ಬಳಿಗೆ ಒಯ್ದು, ಬೆಳಕಿರುವ ಜಗಲಿಯಲ್ಲಿ ಕುಳ್ಳಿರಿಸಿ, ಅವ್ವಾ, ಇವರು ಯಾರವ್ವಾ ಎಂದು ಕೇಳಿರಿ. ಕಣ್ಣು ಮಂಜಾಗಿದ್ದರೆ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿರಿ. ಮೊದಲು ಗೊತ್ತಿಲ್ಲವೆನ್ನುವರು. ಆತುರಪಡಬೇಡಿರಿ. ಆ ಪಟದವರ ಹೆಸರಿಗಿಂತ ಮುಂಚೆ ಅವರು ಉಟ್ಟ ಸೀರೆಯದೋ ಹಿಂದಿನ ಗೋಡೆಯದೋ ಮಾತು ಬರುವದು, ಆಮೇಲೆ ಆ ಗೋಡೆಯ ಪಕ್ಕದಲ್ಲಿದ್ದ ಹೂಗಿಡದ್ದು, ಆಮೇಲೆ ಆ ಹೂವನ್ನು ಮುಡಿಯುತ್ತಿದ್ದವಳದ್ದು. ಅಷ್ಟರಲ್ಲಿ ಸೀಸದಕಡ್ಡಿಯನ್ನು ಸಿದ್ಧವಾಗಿಟ್ಟುಕೊಂಡಿರಿ.